ಜನಜಂಗುಳಿಯಲ್ಲೂ ದಾರಿ ತಪ್ಪಿಸದ ಬೋರ್ಡ್: ದಿಕ್ಕು ತೋರಿಸುವ ಫಲಕಗಳನ್ನು ರೂಪಿಸುವ ಸಮಗ್ರ ಮಾರ್ಗದರ್ಶಿ

ದಾರಿ ತೋರಿಸುವ ಬೋರ್ಡ್ ಹಾಕಬೇಕು ಅಂದ ಕೂಡಲೇ ಮಾತು ಶುರುವಾಗುವುದು ಬಣ್ಣದಿಂದ. ಸೈಜ್ ಎಷ್ಟಿರಲಿ, ಲೋಗೋ ಎಲ್ಲಿ ಬರಲಿ, ಯಾವ ಶೀಟ್ ಮೇಲೆ ಪ್ರಿಂಟ್ ಮಾಡಿಸೋಣ ಎಂಬ ಚರ್ಚೆ ನಡೆಯುತ್ತದೆ. ಅಷ್ಟು ಹೊತ್ತಿಗೆ ಮುಖ್ಯವಾದ ಪ್ರಶ್ನೆ ಮರೆತೇ ಹೋಗಿರುತ್ತದೆ: ಯಾರು, ಎಲ್ಲಿ ನಿಂತು, ಏನು ತಿಳಿಯದೆ ಒದ್ದಾಡುತ್ತಿದ್ದಾರೆ?

ಬೋರ್ಡ್ ಅಂದರೆ ಒಂದು ಉತ್ತರ. ಪ್ರಶ್ನೆ ಹುಟ್ಟುವ ಜಾಗದಲ್ಲೇ ಅದು ಸಿಗಬೇಕು. ಹತ್ತು ಹೆಜ್ಜೆ ಮುಂಚೆ ಸಿಕ್ಕರೆ ಮರೆತುಹೋಗುತ್ತದೆ. ಹತ್ತು ಹೆಜ್ಜೆ ತಡವಾಗಿ ಸಿಕ್ಕರೆ ವಾಪಸ್ ಬರಬೇಕು. ರೈಲು ನಿಲ್ದಾಣ, ಬಸ್ ನಿಲ್ದಾಣ, ಆಸ್ಪತ್ರೆ, ಮಾರುಕಟ್ಟೆ, ಕ್ರೀಡಾಂಗಣ, ಜಾತ್ರೆಯ ಮೈದಾನ, ಎಲ್ಲ ಕಡೆಯೂ ಇದೇ ಲೆಕ್ಕ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ವಿನ್ಯಾಸದ ಕೆಲಸ ಸಾಕಷ್ಟು ತಡವಾಗಿ ಬರುತ್ತದೆ. ಬರಬೇಕಾದದ್ದೂ ಹಾಗೆಯೇ.

ಹಂತ 1: ಮೊದಲು ನಡೆದು ನೋಡಿ

ಜಾಗದ ನಕ್ಷೆಯ ಒಂದು ದೊಡ್ಡ ಪ್ರತಿ, ಒಂದು ಪೆನ್ನು, ಫೋನಿನ ಕ್ಯಾಮೆರಾ, ಇಷ್ಟು ಸಾಕು. ಪ್ರತಿಯೊಂದು ಬಾಗಿಲಿನಿಂದಲೂ ಒಳಗೆ ಬನ್ನಿ. ಜನ ಹೆಚ್ಚಾಗಿ ಹುಡುಕುವ ಪ್ರತಿಯೊಂದು ಜಾಗಕ್ಕೂ ನಡೆಯಿರಿ. ದಾರಿ ಎಲ್ಲೆಲ್ಲಿ ಕವಲೊಡೆಯುತ್ತದೋ ಅಲ್ಲೆಲ್ಲ ನಕ್ಷೆಯ ಮೇಲೆ ಒಂದು ಚುಕ್ಕಿ ಇಡಿ. ಮೆಟ್ಟಿಲು, ಲಿಫ್ಟು, ಎರಡು ಬಾಗಿಲು ಅಕ್ಕಪಕ್ಕ ಇರುವ ಜಾಗ, ದೊಡ್ಡ ಹಾಲ್‌ನೊಳಗೆ ಕಾಲಿಡುವ ಜಾಗ, ಇವೆಲ್ಲವೂ ಚುಕ್ಕಿಗಳೇ. ಬೋರ್ಡ್ ಬೇಕಾಗುವುದು ಈ ಚುಕ್ಕಿಗಳಲ್ಲಿ. ಚುಕ್ಕಿ ಇಲ್ಲದ ಕಡೆ ಗೋಡೆ ಖಾಲಿ ಇದೆ ಅಂತ ಸುಮ್ನೆ ಬೋರ್ಡ್ ಹಾಕಬೇಡಿ. ಅದು ಬೇರೆ ಬೋರ್ಡ್‌ಗಳ ಬೆಲೆಯನ್ನೂ ಇಳಿಸುತ್ತದೆ.

ಇದನ್ನು ಎರಡು ಹೊತ್ತಿನಲ್ಲಿ ಮಾಡಿ: ಜನ ಕಡಿಮೆ ಇರುವಾಗ ಒಮ್ಮೆ, ಕಿಕ್ಕಿರಿದು ತುಂಬಿರುವಾಗ ಇನ್ನೊಮ್ಮೆ. ಖಾಲಿ ಇದ್ದಾಗ ಚೆನ್ನಾಗಿ ಕಾಣುವ ಗೋಡೆ, ಜನ ತುಂಬಿದಾಗ ತಲೆಗಳ ಹಿಂದೆ ಮರೆಯಾಗುತ್ತದೆ. ಸಂಜೆ ಬಿಸಿಲು ನೇರವಾಗಿ ಯಾವ ಗೋಡೆಗೆ ಬೀಳುತ್ತದೆ, ರಾತ್ರಿ ಯಾವ ಮೂಲೆ ಕತ್ತಲಾಗುತ್ತದೆ ಎಂಬುದನ್ನೂ ಬರೆದುಕೊಳ್ಳಿ.

ಆಮೇಲೆ ಒಂದು ಕಡೆ ನಿಂತು ಜನರನ್ನು ಗಮನಿಸಿ. ಎಲ್ಲಿ ನಡಿಗೆ ನಿಧಾನವಾಗುತ್ತದೆ? ಎಲ್ಲಿ ಸುತ್ತಲೂ ತಿರುಗಿ ನೋಡುತ್ತಾರೆ? ಎಲ್ಲಿ ನಾಲ್ಕು ಹೆಜ್ಜೆ ಹೋಗಿ ವಾಪಸ್ ಬರುತ್ತಾರೆ? ಭದ್ರತಾ ಸಿಬ್ಬಂದಿ, ವಿಚಾರಣೆ ಕೌಂಟರಿನವರು, ಕಸ ಗುಡಿಸುವವರು, ಇವರನ್ನು ಕೇಳಿ: "ನಿಮ್ಮ ಹತ್ತಿರ ಜನ ಜಾಸ್ತಿ ಕೇಳೋದೇನು?" ಅಧಿಕಾರಿಗಳ ಸಭೆಯಲ್ಲಿ ಸಿಗದ ಮಾಹಿತಿ ಇವರ ಹತ್ತಿರ ಸಿಗುತ್ತದೆ. ಎದುರಿಗೇ ಬೋರ್ಡ್ ಇದ್ದರೂ ಜನ ಕೇಳುತ್ತಿದ್ದಾರೆ ಎಂದರೆ ಆ ಬೋರ್ಡ್ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ. "ಜನ ಓದೋದೇ ಇಲ್ಲ" ಎಂದು ಅವರ ಮೇಲೆ ಹಾಕುವುದು ಸುಲಭ. ಆದರೆ ಆತುರದಲ್ಲಿ, ಮಗುವನ್ನೋ ರೋಗಿಯನ್ನೋ ಕರೆದುಕೊಂಡು ಬಂದವರಿಗೂ ಓದಲು ಬರುವಂತೆ ಬರೆಯುವುದು ನಮ್ಮ ಜವಾಬ್ದಾರಿ.

ಕೊನೆಗೆ ಅದೇ ದಾರಿಯಲ್ಲಿ ಹಿಂದಕ್ಕೆ ನಡೆಯಿರಿ. ಒಳಗೆ ಬರುವ ದಾರಿಗೆ ಬೋರ್ಡ್ ಹಾಕಿ, ಹೊರಗೆ ಹೋಗುವ ದಾರಿಯನ್ನು ಮರೆತುಬಿಡುವ ಜಾಗಗಳು ಬಹಳ. ತಿರುಗಿ ಬರುವಾಗ ಅದೇ ಕಾರಿಡಾರ್ ಬೇರೆಯದೇ ಜಾಗದಂತೆ ಕಾಣುತ್ತದೆ, ಅಲ್ವಾ?

ಹಂತ 2: ಒಂದು ಜಾಗಕ್ಕೆ ಒಂದೇ ಹೆಸರು

ಒಂದು ಆಸ್ಪತ್ರೆಯನ್ನು ಊಹಿಸಿಕೊಳ್ಳಿ. ವೈದ್ಯರ ಚೀಟಿಯಲ್ಲಿ "ಎಕ್ಸ್‌ರೇ" ಎಂದಿದೆ. ಕೌಂಟರಿನವರು "ಸ್ಕ್ಯಾನಿಂಗ್ ಕಡೆ ಹೋಗಿ" ಎನ್ನುತ್ತಾರೆ. ತಿರುವಿನ ಬೋರ್ಡ್‌ನಲ್ಲಿ "ರೇಡಿಯಾಲಜಿ" ಎಂದಿದೆ. ಕೋಣೆಯ ಬಾಗಿಲ ಮೇಲೆ "ಕ್ಷ-ಕಿರಣ ವಿಭಾಗ" ಎಂದಿದೆ. ನಾಲ್ಕೂ ಸರಿ. ಆದರೆ ಹೊಸಬರಿಗೆ ಇವು ನಾಲ್ಕು ಬೇರೆ ಬೇರೆ ಜಾಗಗಳು.

ಒಂದು ಪಟ್ಟಿ ಮಾಡಿ. ಪ್ರತಿಯೊಂದು ಜಾಗಕ್ಕೂ ಜನ ಬಾಯಿಮಾತಿನಲ್ಲಿ ಬಳಸುವ ಹೆಸರನ್ನೇ ಆರಿಸಿ. ಇಲಾಖೆಯ ಪೂರ್ತಿ ಹೆಸರು ಕಡತದಲ್ಲಿ ಇರಲಿ. ಆರಿಸಿದ ಹೆಸರು ಬೋರ್ಡ್‌ನಲ್ಲಿ, ನಕ್ಷೆಯಲ್ಲಿ, ಟಿಕೆಟ್‌ನಲ್ಲಿ, ಚೀಟಿಯಲ್ಲಿ, ಧ್ವನಿವರ್ಧಕದ ಘೋಷಣೆಯಲ್ಲಿ ಎಲ್ಲ ಕಡೆ ಅಕ್ಷರಶಃ ಒಂದೇ ಆಗಿರಬೇಕು. ಸಿಬ್ಬಂದಿ ಬಾಯಲ್ಲೂ ಅದೇ ಹೆಸರು ಬರುವಂತೆ ನೋಡಿಕೊಳ್ಳಿ.

ಬಾಗಿಲುಗಳು ಜಾಸ್ತಿ ಇದ್ದರೆ ಸಂಖ್ಯೆ ಅಥವಾ ಅಕ್ಷರ ಕೊಡಿ. ಹಾಂಗ್‌ಕಾಂಗ್ ಮೆಟ್ರೋದಲ್ಲಿ ಹೊರಬಾಗಿಲುಗಳಿಗೆ ಎ, ಬಿ, ಅಥವಾ ಎ1, ಎ2 ಎಂಬಂಥ ಗುರುತುಗಳಿವೆ. "ಎ2 ಬಾಗಿಲ ಹತ್ತಿರ ಸಿಗ್ತೀನಿ" ಎಂದು ಫೋನಿನಲ್ಲಿ ಹೇಳಿದರೆ ಭಾಷೆ ಬಾರದವರೂ ಅಲ್ಲಿಗೆ ಬಂದು ತಲುಪುತ್ತಾರೆ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಮಾತ್ರ ಬದಲಾಯಿಸಬೇಡಿ.

ಹಂತ 3: ಒಂದು ಬೋರ್ಡ್‌ನಲ್ಲಿ ಎಷ್ಟು ಬರೆಯಬೇಕು?

ಸಾಮಾನ್ಯ ನಡಿಗೆಯ ವೇಗ ಸೆಕೆಂಡಿಗೆ ಸುಮಾರು 1.3 ಮೀಟರ್. ಬೋರ್ಡ್ 10 ಮೀಟರ್ ದೂರದಿಂದ ಕಾಣಲು ಶುರುವಾದರೆ ಅದರ ಕೆಳಗೆ ಬರುವಷ್ಟರಲ್ಲಿ ಸಿಗುವುದು 7–8 ಸೆಕೆಂಡು. ಅಷ್ಟರೊಳಗೆ ಎದುರಿನವರಿಗೆ ಡಿಕ್ಕಿ ಹೊಡೆಯದೆ ನಡೆಯಬೇಕು, ಬ್ಯಾಗು ಹಿಡಿದುಕೊಳ್ಳಬೇಕು, ಓದಬೇಕು, ಯಾವ ಕಡೆ ಎಂದು ತೀರ್ಮಾನಿಸಬೇಕು. ಆದ್ದರಿಂದ ನಡೆಯುತ್ತಲೇ ಓದುವ ಬೋರ್ಡ್‌ನಲ್ಲಿ ನಾಲ್ಕೈದು ಸಾಲು ಸಾಕು. ಅದಕ್ಕಿಂತ ಜಾಸ್ತಿಯಾದರೆ ಜನ ನಿಂತುಬಿಡುತ್ತಾರೆ. ಕವಲಿನಲ್ಲಿ ಒಬ್ಬರು ನಿಂತರೆ ಹಿಂದಿನವರೆಲ್ಲ ನಿಲ್ಲಬೇಕಾಗುತ್ತದೆ.

ಹಾಗಾದರೆ ಮೂವತ್ತು ಜಾಗಗಳಿರುವ ಕಟ್ಟಡದಲ್ಲಿ ಏನು ಮಾಡುವುದು? ಮಾಹಿತಿಯನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗಿ. ಮೊದಲ ಕವಲಿನಲ್ಲಿ ದೊಡ್ಡ ಗುಂಪುಗಳನ್ನು ಮಾತ್ರ ಹೇಳಿ: "ಎ ಬ್ಲಾಕ್", "ಬಿ ಬ್ಲಾಕ್", "ತುರ್ತು ಚಿಕಿತ್ಸೆ". ಬ್ಲಾಕ್‌ನೊಳಗೆ ಬಂದ ಮೇಲೆ ಮಹಡಿಗಳು. ಮಹಡಿಗೆ ಬಂದ ಮೇಲೆ ಕೋಣೆಗಳು. ಪೂರ್ತಿ ಪಟ್ಟಿ ಬೇಕಾದವರಿಗೆ ಪ್ರವೇಶದ್ವಾರದ ಹತ್ತಿರ, ಓಡಾಟಕ್ಕೆ ಅಡ್ಡವಾಗದ ಒಂದು ಬದಿಯಲ್ಲಿ, ನಿಂತು ಓದುವ ಬೋರ್ಡ್ ಇಡಿ.

ಇಲ್ಲಿ ಒಂದು ನಿಯಮವನ್ನು ಮಾತ್ರ ಸಡಿಲಿಸಬೇಡಿ. ಒಂದು ಹೆಸರನ್ನು ಒಂದು ಬೋರ್ಡ್‌ನಲ್ಲಿ ತೋರಿಸಿದರೆ, ಆ ಜಾಗ ತಲುಪುವವರೆಗೂ ದಾರಿಯ ಪ್ರತಿ ಕವಲಿನಲ್ಲೂ ಆ ಹೆಸರು ಮತ್ತೆ ಬರಬೇಕು. ಮೂರು ಬೋರ್ಡ್‌ಗಳಲ್ಲಿ ಇದ್ದು ನಾಲ್ಕನೆಯದರಲ್ಲಿ ಮಾಯವಾದರೆ, ನಡೆಯುತ್ತಿದ್ದವರಿಗೆ ತಾವೇ ತಪ್ಪಿದೆವು ಎನಿಸುತ್ತದೆ. ಇದನ್ನು ಪರೀಕ್ಷಿಸಲು ಒಂದು ಕೋಷ್ಟಕ ಮಾಡಿ. ಅಡ್ಡಸಾಲಿನಲ್ಲಿ ಜಾಗಗಳು, ಉದ್ದಸಾಲಿನಲ್ಲಿ ಚುಕ್ಕಿಗಳು. ಪ್ರತಿ ಮನೆಯಲ್ಲೂ ಎಡ, ಬಲ, ನೇರ ಎಂದು ಬರೆಯಿರಿ. ಎಲ್ಲಿ ಕೊಂಡಿ ಕಳಚಿದೆ ಎಂಬುದು ತಕ್ಷಣ ಕಣ್ಣಿಗೆ ಬೀಳುತ್ತದೆ. ಈ ಕೋಷ್ಟಕ ಮುಗಿಯದೆ ಕಂಪ್ಯೂಟರ್ ಮುಂದೆ ಕೂರಬೇಡಿ.

ಕವಲಿಲ್ಲದ ಉದ್ದನೆಯ ದಾರಿ ಇದ್ದರೆ ಮಧ್ಯೆ ಒಂದು ಕಡೆ ಧೈರ್ಯ ಹೇಳುವ ಬೋರ್ಡ್ ಇರಲಿ: "ಬಸ್ ನಿಲ್ದಾಣ, ನೇರ, 3 ನಿಮಿಷ". ಮೀಟರ್ ಲೆಕ್ಕಕ್ಕಿಂತ ನಿಮಿಷದ ಲೆಕ್ಕ ಜನರಿಗೆ ಬೇಗ ಅಂದಾಜಾಗುತ್ತದೆ. ಆದರೆ ವಯಸ್ಸಾದವರ ನಡಿಗೆಯ ವೇಗದಲ್ಲಿ ಲೆಕ್ಕ ಹಾಕಿ.

ಹಂತ 4: ಬಾಣ

ಬಾಣ ತಪ್ಪಾದರೆ ಉಳಿದದ್ದೆಲ್ಲ ವ್ಯರ್ಥ. ನೇರವಾಗಿ ಹೋಗಿ ಎನ್ನಲು ಮೇಲ್ಮುಖ ಬಾಣ ಬಳಸಿ. ಮೇಲಿನ ಮಹಡಿಗೆ, ಕೆಳಗಿನ ಮಹಡಿಗೆ ಹೋಗಬೇಕಾದಾಗ ಓರೆಯಾದ ಬಾಣದ ಜೊತೆಗೆ ಮೆಟ್ಟಿಲು ಅಥವಾ ಲಿಫ್ಟಿನ ಚಿತ್ರ ಹಾಕಿ. ಮೆಟ್ಟಿಲಿನ ಎದುರಿಗೆ ಬರೀ ಮೇಲ್ಮುಖ ಬಾಣ ಇದ್ದರೆ, ನೇರ ಹೋಗಬೇಕೋ ಮೆಟ್ಟಿಲು ಹತ್ತಬೇಕೋ ತಿಳಿಯುವುದಿಲ್ಲ.

ಎಡಕ್ಕೆ ತೋರಿಸುವ ಬಾಣ ಬೋರ್ಡ್‌ನ ಎಡ ತುದಿಯಲ್ಲಿ, ಬಲಕ್ಕೆ ತೋರಿಸುವುದು ಬಲ ತುದಿಯಲ್ಲಿ ಇರಲಿ. ಒಂದೇ ದಿಕ್ಕಿನ ಹೆಸರುಗಳನ್ನೆಲ್ಲ ಒಟ್ಟಿಗೆ ಇಟ್ಟು ಒಂದೇ ದೊಡ್ಡ ಬಾಣ ಕೊಡಿ. ಗುಂಪುಗಳ ನಡುವೆ ಖಾಲಿ ಜಾಗ ಬಿಡಿ ಅಥವಾ ಗೆರೆ ಎಳೆಯಿರಿ. ಬಾಣಕ್ಕೆ ಕೈಯ ಚಿತ್ರ, ಬಳ್ಳಿಯಂಥ ಅಲಂಕಾರ ಬೇಡ. ದಪ್ಪ ದಂಡ, ಅಗಲವಾದ ತುದಿ, ಅಷ್ಟೇ.

ಹಂತ 5: ಅಕ್ಷರ

ಕಣ್ಣಿನ ದೃಷ್ಟಿ ಸರಿಯಾಗಿರುವವರು ಕಷ್ಟಪಟ್ಟು ಗುರುತಿಸಬಲ್ಲ ಅತಿ ಚಿಕ್ಕ ಅಕ್ಷರ, 10 ಮೀಟರ್ ದೂರದಲ್ಲಿ ಸುಮಾರು 1.5 ಸೆಂಟಿಮೀಟರ್ ಎತ್ತರದ್ದು. ಕಣ್ಣಿನ ವೈದ್ಯರ ಪರೀಕ್ಷಾ ಫಲಕ ಇದೇ ಲೆಕ್ಕದ ಮೇಲೆ ನಿಂತಿದೆ. ಆದರೆ ಅದು ಸ್ಥಿರವಾಗಿ ಕುಳಿತು, ಒಳ್ಳೆಯ ಬೆಳಕಿನಲ್ಲಿ, ಇಂಗ್ಲಿಷಿನ ಸರಳ ಅಕ್ಷರ ಓದುವ ಲೆಕ್ಕ. ನಡೆಯುವವರಿಗೆ, ಕನ್ನಡಕ ಮರೆತು ಬಂದವರಿಗೆ, ಮಬ್ಬು ಬೆಳಕಿಗೆ ಅದರ ಎರಡೂವರೆಯಿಂದ ಮೂರು ಪಟ್ಟು ಬೇಕು. ಆದ್ದರಿಂದ 10 ಮೀಟರಿಗೆ 4 ಸೆಂಟಿಮೀಟರ್ ಎಂದು ಇಟ್ಟುಕೊಳ್ಳಿ. 20 ಮೀಟರ್ ದೂರದಿಂದ ಓದಬೇಕಾದರೆ 8 ಸೆಂಟಿಮೀಟರ್. ದೂರವನ್ನು 250ರಿಂದ ಭಾಗಿಸಿದರೆ ಎತ್ತರ ಸಿಗುತ್ತದೆ.

ಕನ್ನಡದಲ್ಲಿ ಬರೆಯುವಾಗ ಈ ಎತ್ತರವನ್ನು ಮೂಲ ಅಕ್ಷರಕ್ಕೆ ಅನ್ವಯಿಸಿ. ಅಂದರೆ "ಕ", "ನ" ಇವುಗಳ ಎತ್ತರ 4 ಸೆಂಟಿಮೀಟರ್ ಇರಬೇಕು. ಮೇಲಿನ ಗುಡಿಸು, ಕೆಳಗಿನ ಒತ್ತಕ್ಷರ ಸೇರಿಸಿ ಅಳೆದರೆ ಅಕ್ಷರ ಚಿಕ್ಕದಾಗಿಬಿಡುತ್ತದೆ. ಎರಡು ಲಿಪಿಗಳ ಬೋರ್ಡ್‌ಗಳಲ್ಲಿ ಈ ತಪ್ಪು ಸಾಮಾನ್ಯ. ಇಂಗ್ಲಿಷಿಗೂ ಕನ್ನಡಕ್ಕೂ ಕಂಪ್ಯೂಟರಿನಲ್ಲಿ ಒಂದೇ ಪಾಯಿಂಟ್ ಸೈಜ್ ಕೊಟ್ಟಿರುತ್ತಾರೆ. ಪ್ರಿಂಟ್ ಆಗಿ ಬಂದಾಗ ಕನ್ನಡ ಕುಗ್ಗಿರುತ್ತದೆ. ಸೈಜ್‌ನ ಅಂಕಿ ನಂಬಬೇಡಿ, ಸ್ಕೇಲ್ ಇಟ್ಟು ಅಳೆಯಿರಿ.

"ಸ್ತ್ರೀ" ಎಂಬ ಒಂದು ಅಕ್ಷರವನ್ನೇ ನೋಡಿ. ಕೆಳಗೆ ಎರಡು ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಇದರ ಕೆಳಗಿನ ಸಾಲಿನಲ್ಲಿ "ವಿಶ್ರಾಂತಿ" ಎಂದಿದ್ದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ಹೋಗಿ ತಾಗುತ್ತದೆ. ಹಾಗಾಗಿ ಇಂಗ್ಲಿಷಿಗಿಂತ ಕನ್ನಡಕ್ಕೆ ಸಾಲುಗಳ ನಡುವೆ ಜಾಸ್ತಿ ಜಾಗ ಬೇಕು. ಒತ್ತಕ್ಷರ ಮತ್ತು ಗುಡಿಸು ಇರುವ ಎರಡು ಸಾಲುಗಳನ್ನು ಒಂದರ ಕೆಳಗೊಂದು ಬರೆದು, ಅವು ತಾಗದಂತೆ ಅಂತರ ನಿಗದಿ ಮಾಡಿ. ಆ ಅಂತರವನ್ನೇ ಎಲ್ಲ ಬೋರ್ಡ್‌ಗಳಿಗೂ ಬಳಸಿ.

ಇನ್ನೊಂದು ಸೂಕ್ಷ್ಮ: "ದ" ಮತ್ತು "ಧ"ಗೆ ಇರುವ ವ್ಯತ್ಯಾಸ ಕೆಳಗಿನ ಒಂದು ಚಿಕ್ಕ ಸೀಳು. "ಪ" ಮತ್ತು "ಷ"ಗೆ ಇರುವುದು ಒಳಗಿನ ಒಂದು ಗೆರೆ. ಅಕ್ಷರ ತೀರಾ ದಪ್ಪವಾದರೆ ಇವೆಲ್ಲ ಮುಚ್ಚಿಹೋಗುತ್ತವೆ. ಬೋರ್ಡ್‌ಗೆ ದಪ್ಪ ಅಕ್ಷರವೇ ಒಳ್ಳೆಯದು ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಮಧ್ಯಮ ದಪ್ಪ ಸಾಕು. ಒಳಗಿನ ಖಾಲಿ ಜಾಗ ತೆರೆದಿರುವ, ನೆರಳು ಅಲಂಕಾರಗಳಿಲ್ಲದ ಫಾಂಟ್ ಆರಿಸಿ. ಹೆಸರು ಉದ್ದವಾಯಿತು ಎಂದು ಅಕ್ಷರಗಳನ್ನು ಪಕ್ಕದಿಂದ ಹಿಂಡಿ ಇಕ್ಕಟ್ಟಾಗಿಸುವುದು ಬಹಳ ಕೆಟ್ಟ ಅಭ್ಯಾಸ. ಹೆಸರು ಚಿಕ್ಕದು ಮಾಡಿ ಅಥವಾ ಬೋರ್ಡ್ ದೊಡ್ಡದು ಮಾಡಿ.

ಇಂಗ್ಲಿಷ್ ಭಾಗವನ್ನು ಪೂರ್ತಿ ದೊಡ್ಡಕ್ಷರಗಳಲ್ಲಿ ಬರೆಯುವುದೂ ಬೇಡ. 1950ರ ದಶಕದ ಕೊನೆಯಿಂದ ಬ್ರಿಟನ್‌ನ ರಸ್ತೆ ಫಲಕಗಳನ್ನು ಹೊಸದಾಗಿ ರೂಪಿಸಿದ ಜಾಕ್ ಕಿನಿಯರ್ ಮತ್ತು ಮಾರ್ಗರೆಟ್ ಕಾಲ್ವರ್ಟ್, ಮೊದಲ ಅಕ್ಷರ ದೊಡ್ಡದು, ಉಳಿದವು ಚಿಕ್ಕವು ಎಂಬ ಪದ್ಧತಿ ತಂದರು. ಹಾಗೆ ಬರೆದಾಗ ಪದಕ್ಕೆ ಏರಿಳಿತದ ಆಕಾರ ಬರುತ್ತದೆ. 

ಹಂತ 6: ಬಣ್ಣ ಮತ್ತು ಚಿತ್ರ

ಬಣ್ಣ ಯಾವುದು ಎಂಬುದಕ್ಕಿಂತ, ಅಕ್ಷರಕ್ಕೂ ಹಿನ್ನೆಲೆಗೂ ಎಷ್ಟು ವ್ಯತ್ಯಾಸ ಇದೆ ಎಂಬುದು ಮುಖ್ಯ. ಬೋರ್ಡ್‌ನ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ. ಅಕ್ಷರ ಮಂಕಾದರೆ ಬಣ್ಣ ಬದಲಿಸಿ. ಕೆಂಪು ಮೇಲೆ ಹಸಿರು, ನೀಲಿ ಮೇಲೆ ಕೆಂಪು ಈ ಪರೀಕ್ಷೆಯಲ್ಲಿ ಬಿದ್ದುಹೋಗುತ್ತವೆ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 8% ಜನಕ್ಕೆ ಕೆಂಪು-ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಬೇರೆ ಕಡೆ ಈ ಪ್ರಮಾಣ ಕಡಿಮೆ ಇದ್ದರೂ ಸಮಸ್ಯೆ ಎಲ್ಲೆಡೆ ಇದೆ. ಆದ್ದರಿಂದ "ಕೆಂಪು ಗೆರೆ ಹಿಡಿದು ಹೋಗಿ" ಎಂಬಲ್ಲಿ ಗೆರೆಯ ಮೇಲೆ ಒಂದು ಸಂಖ್ಯೆಯೋ ಅಕ್ಷರವೋ ಇರಲೇಬೇಕು.

ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್ ವಿಮಾನ ನಿಲ್ದಾಣಕ್ಕೆ 1967ರಲ್ಲಿ ಬೆನ್ನೊ ವಿಸಿಂಗ್ ಮಾಡಿದ ಹಳದಿ ಫಲಕಗಳ ವ್ಯವಸ್ಥೆಯನ್ನು ಆಮೇಲೆ ಲೋಕದ ಅನೇಕ ಕಡೆ ಅನುಸರಿಸಿದರು. ಅಲ್ಲಿ ಬಣ್ಣಕ್ಕೂ ಒಂದು ಕೆಲಸವಿದೆ. ವಿಮಾನದ ಕಡೆ ಹೋಗುವ ದಾರಿ ಒಂದು ಬಣ್ಣ, ಉಳಿದ ಸೌಲಭ್ಯಗಳು ಇನ್ನೊಂದು. ನೀವೂ ಎರಡೇ ಬಣ್ಣದಲ್ಲಿ ಮುಗಿಸಲು ನೋಡಿ. ಸುತ್ತಲಿನ ಜಾಹೀರಾತುಗಳಲ್ಲಿ ಯಾವ ಬಣ್ಣ ತುಂಬಿದೆಯೋ ಅದನ್ನು ಬಿಡಿ. ಹಸಿರು-ಬಿಳಿ ಜೋಡಿಯನ್ನು ತುರ್ತು ನಿರ್ಗಮನಕ್ಕೆ ಮೀಸಲಿಡಿ. ಜಪಾನಿನ ಯುಕಿಯೋ ಓಟಾ ರೂಪಿಸಿದ ಓಡುವ ಮನುಷ್ಯನ ಹಸಿರು ಚಿತ್ರ 1980ರ ದಶಕದಿಂದ ಅಂತರರಾಷ್ಟ್ರೀಯ ಗುರುತಾಗಿದೆ. ಬೆಂಕಿ ಬಿದ್ದ ಹೊತ್ತಿನಲ್ಲಿ ಅದನ್ನು ಕ್ಯಾಂಟೀನಿನ ಬೋರ್ಡ್ ಜೊತೆ ಯಾರೂ ಗೊಂದಲ ಮಾಡಿಕೊಳ್ಳಬಾರದು.

ಓದಲು ಬಾರದವರಿಗೆ, ಭಾಷೆ ತಿಳಿಯದವರಿಗೆ ಚಿತ್ರವೇ ಆಸರೆ. 1969ರಲ್ಲಿ ಶುರುವಾದ ಮೆಕ್ಸಿಕೋ ನಗರದ ಮೆಟ್ರೋಗೆ ಲ್ಯಾನ್ಸ್ ವೈಮನ್ ಪ್ರತಿಯೊಂದು ನಿಲ್ದಾಣಕ್ಕೂ ಒಂದೊಂದು ಚಿತ್ರ ಬರುವಂತೆ ವಿನ್ಯಾಸ ಮಾಡಿದರು. ಅಕ್ಷರ ಗೊತ್ತಿಲ್ಲದವರೂ ತಮ್ಮ ನಿಲ್ದಾಣವನ್ನು ಚಿತ್ರದಿಂದಲೇ ಹೇಳಬಲ್ಲರು. ಇದಕ್ಕಿಂತ ಒಳ್ಳೆಯ ಗೌರವ ಪ್ರಯಾಣಿಕರಿಗೆ ಇನ್ನೇನು ಬೇಕು? ಶೌಚಾಲಯ, ಲಿಫ್ಟು, ಕುಡಿಯುವ ನೀರು, ಟಿಕೆಟ್ ಇಂಥವುಗಳಿಗೆ ಹೊಸ ಚಿತ್ರ ಕಟ್ಟಲು ಹೋಗಬೇಡಿ. ಐಎಸ್‌ಒ 7001 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಸಿದ್ಧ ಚಿತ್ರಗಳಿವೆ. ಅಮೆರಿಕದ ಸಾರಿಗೆ ಇಲಾಖೆಗಾಗಿ 1974ರಲ್ಲಿ 34, 1979ರಲ್ಲಿ ಇನ್ನೂ 16 ಸೇರಿ ಒಟ್ಟು 50 ಚಿತ್ರಗಳು ತಯಾರಾದವು. ಅವನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. "ದೂರು ವಿಭಾಗ", "ನೋಂದಣಿ" ಇಂಥವುಗಳಿಗೆ ಚಿತ್ರದಲ್ಲಿ ಹೇಳಲು ಹೋದರೆ ಒಗಟಾಗುತ್ತದೆ. ಅಲ್ಲಿ ಸಂಖ್ಯೆ ಕೊಡುವುದೇ ಮೇಲು.

ಹಂತ 7: ಎಲ್ಲಿ, ಎಷ್ಟು ಎತ್ತರದಲ್ಲಿ?

ಜನ ತುಂಬಿರುವ ಕಡೆ ಬೋರ್ಡ್ ತಲೆಯ ಮೇಲೆ ತೂಗಬೇಕು. ನಡೆಯುವ ದಿಕ್ಕಿಗೆ ಅಡ್ಡಲಾಗಿ, ಮುಖಕ್ಕೆ ಎದುರಾಗಿ ಇರಬೇಕು. ಪಕ್ಕದ ಗೋಡೆಗೆ ಅಂಟಿಸಿದ ಬೋರ್ಡ್ ಅದರ ಎದುರಿಗೆ ಬಂದಾಗಲಷ್ಟೇ ಕಾಣುತ್ತದೆ. ಬೋರ್ಡ್‌ನ ಕೆಳಗಿನ ಅಂಚು ನೆಲದಿಂದ ಕನಿಷ್ಠ 2.3 ಮೀಟರ್ ಮೇಲಿರಲಿ. ತೀರಾ ಮೇಲೆ ಹಾಕಿದರೂ ತೊಂದರೆಯೇ. ನಡೆಯುವವರು ಕತ್ತು ಎತ್ತದೆ ನೋಡುವುದು ಸುಮಾರು 10 ಡಿಗ್ರಿ ಮೇಲಿನವರೆಗೆ ಮಾತ್ರ. ಬೋರ್ಡ್ 3 ಮೀಟರ್ ಎತ್ತರದಲ್ಲಿದ್ದರೆ, 8 ಮೀಟರ್ ಹತ್ತಿರ ಬರುವಷ್ಟರಲ್ಲಿ ಅದು ಆ ಮಿತಿಯನ್ನು ದಾಟಿರುತ್ತದೆ. ಅಂದರೆ ಅದನ್ನು 8 ಮೀಟರಿಗಿಂತ ದೂರದಿಂದಲೇ ಓದಿ ಮುಗಿಸುವಂತಿರಬೇಕು. ಅಕ್ಷರದ ಎತ್ತರವನ್ನು ಇದಕ್ಕೆ ಹೊಂದಿಸಿ.

ನಿಂತು ಓದುವ ಬೋರ್ಡ್, ಕೋಣೆಯ ಹೆಸರು ಇವು ಕಣ್ಣಿನ ಮಟ್ಟದಲ್ಲಿರಲಿ. ಗಾಲಿಕುರ್ಚಿಯಲ್ಲಿ ಕುಳಿತವರ ಕಣ್ಣು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿರುತ್ತದೆ ಎಂಬುದು ನೆನಪಿರಲಿ. ದೃಷ್ಟಿ ಇಲ್ಲದವರಿಗೆ ಉಬ್ಬಕ್ಷರ ಮತ್ತು ಬ್ರೈಲ್ ಫಲಕಗಳನ್ನು ಬಾಗಿಲಿನ ಪಕ್ಕದ ಗೋಡೆಯಲ್ಲಿ, 1.2ರಿಂದ 1.5 ಮೀಟರ್ ನಡುವೆ, ಎಲ್ಲ ಬಾಗಿಲಿಗೂ ಒಂದೇ ಕಡೆಯಲ್ಲಿ ಹಾಕಿ. ಬಾಗಿಲಿನ ಮೇಲೆಯೇ ಹಾಕಿದರೆ, ಮುಟ್ಟಿ ಓದುತ್ತಿರುವಾಗ ಯಾರಾದರೂ ಬಾಗಿಲು ತೆಗೆದು ಪೆಟ್ಟಾಗಬಹುದು. ಲಿಫ್ಟು ಅಥವಾ ಇಳಿಜಾರು ದಾರಿಗೆ ಹೋಗುವ ಬೋರ್ಡ್ ಮೆಟ್ಟಿಲಿನ ಬುಡದಲ್ಲಿದ್ದರೆ ಸಾಲದು. ಮೆಟ್ಟಿಲಿಗೂ ಲಿಫ್ಟಿಗೂ ದಾರಿ ಬೇರೆಯಾಗುವ ಕವಲಿನಲ್ಲೇ ಇರಬೇಕು.

ಬೋರ್ಡ್‌ನ ಸುತ್ತ ಒಂದು ಮೀಟರ್ ಜಾಗದಲ್ಲಿ ಜಾಹೀರಾತು, ನೋಟಿಸು, ಬ್ಯಾನರ್ ಯಾವುದೂ ಬರಬಾರದು ಎಂದು ಬರಹದಲ್ಲೇ ನಿಯಮ ಮಾಡಿಸಿ. ಬಾಯಿಮಾತಿನ ಒಪ್ಪಂದ ಹಬ್ಬದ ಬ್ಯಾನರ್ ಬಂದ ದಿನ ನಿಲ್ಲುವುದಿಲ್ಲ.

ಹಂತ 8: ನಕ್ಷೆ ಹಾಕುವುದಾದರೆ

"ನೀವು ಇಲ್ಲಿದ್ದೀರಿ" ಎಂಬ ನಕ್ಷೆಯಲ್ಲಿ ಉತ್ತರ ದಿಕ್ಕು ಮೇಲೆ ಇರಬೇಕಾಗಿಲ್ಲ. ನೋಡುವವರ ಎದುರಿಗೆ ಏನಿದೆಯೋ ಅದು ನಕ್ಷೆಯ ಮೇಲ್ಭಾಗದಲ್ಲಿ ಬರಬೇಕು. ಅವರ ಬಲಗಡೆ ಇರುವುದು ನಕ್ಷೆಯಲ್ಲೂ ಬಲಗಡೆ ಇರಬೇಕು. ಹಾಗಾಗಿ ಒಂದೇ ನಕ್ಷೆಯನ್ನು ನೂರು ಪ್ರತಿ ಮಾಡಿಸಿ ನಾಲ್ಕು ಗೋಡೆಗೂ ಅಂಟಿಸುವಂತಿಲ್ಲ. ಪ್ರತಿ ದಿಕ್ಕಿಗೂ ತಿರುಗಿಸಿದ ಬೇರೆ ಪ್ರತಿ ಬೇಕು. ಲಂಡನ್‌ನಲ್ಲಿ 2007ರಲ್ಲಿ ಬಾಂಡ್ ಸ್ಟ್ರೀಟ್ ಸುತ್ತಮುತ್ತ ಮೊದಲು ನಿಲ್ಲಿಸಿದ ಪಾದಚಾರಿ ಫಲಕಗಳಲ್ಲಿ ಹೀಗೇ ಮಾಡಿದ್ದಾರೆ. ಅದರ ಜೊತೆಗೆ 5 ನಿಮಿಷದ ನಡಿಗೆಯಲ್ಲಿ ಎಲ್ಲಿಯವರೆಗೆ ಹೋಗಬಹುದು ಎಂದು ತೋರಿಸುವ ವೃತ್ತವೂ ಅಲ್ಲಿದೆ. ಈ ಎರಡನ್ನೂ ಧಾರಾಳವಾಗಿ ಅನುಸರಿಸಬಹುದು.

ಹಂತ 9: ಕಾಗದದಲ್ಲಿ ಪರೀಕ್ಷೆ

ಈ ಹಂತವನ್ನು ಬಿಡಲೇಬೇಡಿ. ಎಲ್ಲ ಬೋರ್ಡ್‌ಗಳನ್ನೂ ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಪ್ರಿಂಟ್ ಮಾಡಿಸಿ, ರಟ್ಟಿಗೆ ಅಂಟಿಸಿ, ನಿಗದಿಯಾದ ಜಾಗದಲ್ಲಿ ತೂಗುಹಾಕಿ. ಆ ಜಾಗ ಗೊತ್ತಿಲ್ಲದವರನ್ನು ಕರೆಯಿರಿ. ಒಬ್ಬರು ವಯಸ್ಸಾದವರು, ಒಬ್ಬರು ಗಾಲಿಕುರ್ಚಿ ಬಳಸುವವರು, ಒಬ್ಬರು ಆ ಭಾಷೆ ಸರಿಯಾಗಿ ಬಾರದವರು ಇದ್ದರೆ ಒಳ್ಳೆಯದು. "ಯಾರನ್ನೂ ಕೇಳದೆ ಎಕ್ಸ್‌ರೇ ಕೋಣೆಗೆ ಹೋಗಿ ಬನ್ನಿ" ಎಂದು ಹೇಳಿ, ಸ್ವಲ್ಪ ಹಿಂದೆ ನಡೆಯಿರಿ. ಸಹಾಯ ಮಾಡಬೇಡಿ. ಮುಖಭಾವದಿಂದಲೂ ಸುಳಿವು ಕೊಡಬೇಡಿ. ಎಲ್ಲಿ ನಿಂತರು, ಏನನ್ನು ನೋಡಿದರು, ಯಾವುದನ್ನು ನೋಡದೆಯೇ ದಾಟಿದರು ಎಂದು ನಕ್ಷೆಯ ಮೇಲೆ ಗುರುತು ಮಾಡಿ.

ಒಂದೇ ಜಾಗದಲ್ಲಿ ಇಬ್ಬರು ತಪ್ಪಿದರೆ ಅಲ್ಲಿ ಬೋರ್ಡ್ ಬದಲಾಗಬೇಕು. ಎಷ್ಟೋ ಸಲ ಬರಹ ಸರಿ ಇರುತ್ತದೆ. ಬೋರ್ಡನ್ನು ಎರಡು ಮೀಟರ್ ಹಿಂದಕ್ಕೆ ಸರಿಸಿದರೆ ಸಾಕಾಗುತ್ತದೆ. ಇನ್ನು ಕೆಲವು ಕಡೆ ಬೋರ್ಡ್ ಬದಲು ಒಂದು ಕುಂಡವನ್ನೋ ಒಂದು ಬೆಂಚನ್ನೋ ಪಕ್ಕಕ್ಕೆ ಇಟ್ಟರೆ ದಾರಿ ತಾನಾಗಿ ಕಾಣುತ್ತದೆ. ಅಂಥ ಕಡೆ ಬೋರ್ಡ್ ಹಾಕದೇ ಇರುವುದೇ ಸರಿಯಾದ ವಿನ್ಯಾಸ.

ಹಂತ 10: ಮಾಡಿಸುವುದು, ಉಳಿಸಿಕೊಳ್ಳುವುದು

ಮೇಲ್ಮೈ ಹೊಳೆಯಬಾರದು, ಮ್ಯಾಟ್ ಇರಲಿ. ಹೊಳೆಯುವ ಶೀಟ್ ಮೇಲೆ ದೀಪ ಬಿದ್ದರೆ ಅಕ್ಷರ ಮಾಯ. ಫ್ಲೆಕ್ಸ್ ತಾತ್ಕಾಲಿಕ ಕೆಲಸಕ್ಕೆ ಮಾತ್ರ. ಅದು ಬಿಸಿಲಿಗೆ ಬೇಗ ಬಣ್ಣ ಬಿಡುತ್ತದೆ. ಕಾಯಂ ಬೋರ್ಡ್‌ಗೆ ಅಲ್ಯೂಮಿನಿಯಂ ಅಥವಾ ಎಸಿಪಿ (ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ಇರುವ) ಶೀಟ್ ಮೇಲೆ ಒಳ್ಳೆಯ ವಿನೈಲ್ ಹಾಕಿಸಿ. ಬಿಳಿ ಹಿನ್ನೆಲೆ ಬೇಗ ಕೊಳೆಯಾಗಿ ಕಾಣುತ್ತದೆ. ನ್ಯೂಯಾರ್ಕ್ ಸಬ್‌ವೇಗೆ 1970ರಲ್ಲಿ ಮಸ್ಸಿಮೊ ವಿನೆಲ್ಲಿ ಮತ್ತು ಬಾಬ್ ನೂರ್ಡಾ ಮಾಡಿದ ಕೈಪಿಡಿಯಲ್ಲಿ ಬಿಳಿಯ ಮೇಲೆ ಕಪ್ಪು ಅಕ್ಷರಗಳಿದ್ದವು. ಆಮೇಲೆ ಅದನ್ನು ತಿರುಗಿಸಿ ಕಪ್ಪಿನ ಮೇಲೆ ಬಿಳಿ ಅಕ್ಷರ ಮಾಡಿದರು. ಬೋರ್ಡ್‌ನೊಳಗೆ ದೀಪ ಹಾಕಿಸುವುದಾದರೆ ಬಿಳಿ ಅಕ್ಷರವನ್ನು ಸ್ವಲ್ಪ ತೆಳುವಾಗಿಸಿ. ಇಲ್ಲದಿದ್ದರೆ ಬೆಳಕು ಹರಡಿ ಅಕ್ಷರ ಊದಿದಂತೆ ಕಾಣುತ್ತದೆ.

ಪ್ರತಿ ಸಾಲನ್ನೂ ಬೇರೆ ಬೇರೆ ಪಟ್ಟಿಯಾಗಿ ಕೂರಿಸಿದರೆ ಒಂದು ವಿಭಾಗ ಸ್ಥಳಾಂತರವಾದಾಗ ಆ ಪಟ್ಟಿಯನ್ನಷ್ಟೇ ಬದಲಿಸಬಹುದು. ಬೋರ್ಡ್‌ನ ಹಿಂಭಾಗದಲ್ಲಿ ಒಂದು ಸಂಖ್ಯೆ ಬರೆಯಿರಿ. ಆ ಸಂಖ್ಯೆ, ಜಾಗ, ಬರಹ, ಹಾಕಿದ ದಿನ ಇವೆಲ್ಲ ಒಂದು ರಿಜಿಸ್ಟರಿನಲ್ಲಿರಲಿ. ಅದನ್ನು ನೋಡಿಕೊಳ್ಳುವ ಒಬ್ಬ ವ್ಯಕ್ತಿಯ ಹುದ್ದೆಯೂ ಅದರಲ್ಲಿರಲಿ. "ಎಲ್ಲರೂ ನೋಡಿಕೊಳ್ತಾರೆ" ಅಂದರೆ ಯಾರೂ ನೋಡುವುದಿಲ್ಲ.

ಮೂರು ತಿಂಗಳಿಗೊಮ್ಮೆ ರಿಜಿಸ್ಟರ್ ಹಿಡಿದು ಎಲ್ಲ ದಾರಿಗಳಲ್ಲೂ ನಡೆಯಿರಿ. ಸಿಬ್ಬಂದಿ ಎ4 ಹಾಳೆಯಲ್ಲಿ ಬರೆದು ಅಂಟಿಸಿದ ಬಾಣಗಳು ಕಂಡರೆ ಕಿತ್ತುಹಾಕುವ ಮುನ್ನ ಫೋಟೋ ತೆಗೆಯಿರಿ. ಅಲ್ಲಿ ಜನ ದಿನವೂ ದಾರಿ ತಪ್ಪುತ್ತಿದ್ದಾರೆ, ಯಾರೋ ನೋಡಲಾಗದೆ ಸಹಾಯ ಮಾಡಿದ್ದಾರೆ. ಮುಂದಿನ ಬೋರ್ಡ್ ಅಲ್ಲೇ ಬೇಕು. ದುರಸ್ತಿಗೆಂದು ದಾರಿ ಮುಚ್ಚಿದಾಗ ತಾತ್ಕಾಲಿಕ ಬೋರ್ಡ್ ಹಾಕುವ ದಿನವೇ, ಅದನ್ನು ತೆಗೆಯುವ ತಾರೀಕನ್ನೂ ರಿಜಿಸ್ಟರಿನಲ್ಲಿ ಬರೆದಿಡಿ. ಮುಚ್ಚಿದ ದಾರಿಯನ್ನು ತೋರಿಸುವ ಹಳೆಯ ಬಾಣಗಳನ್ನು ಅಷ್ಟು ದಿನ ಪೂರ್ತಿಯಾಗಿ ಮುಚ್ಚಿಡಿ.